ದೀಪಕ್ಕೆ ಬಂದ ಪತಂಗದ ಹೆಸರೇನು?

ಮಳೆಗಾಲದ ರಾತ್ರಿ ಮಲೆನಾಡಿನ ಜಗಲಿಯ ದೀಪಕ್ಕೆ ಮುತ್ತುವ ಪತಂಗಗಳನ್ನು ಮೊಬೈಲಿನಲ್ಲಿ ಸೆರೆಹಿಡಿಯುವವರು ಈಗ ಬಹಳ. ಚಿತ್ರವೇನೋ ಸಿಕ್ಕಿತು, ಹೆಸರು?

ಭಾರತದಲ್ಲಿ 10,000ಕ್ಕೂ ಹೆಚ್ಚು ಬಗೆಯ ಪತಂಗಗಳಿವೆ. ತಿಳಿಹಸಿರು ರೆಕ್ಕೆ, ನೀಳ ಬಾಲದ ಚಂದ್ರ ಪತಂಗವನ್ನು ಯಾರಾದರೂ ಗುರುತಿಸಬಲ್ಲರು. ಕಷ್ಟವಿರುವುದು ಕಂದು, ಬೂದು ಬಣ್ಣದ ಪುಟ್ಟ ಪತಂಗಗಳಲ್ಲಿ. ಅವುಗಳ ರೆಕ್ಕೆಯ ಗೆರೆ, ಚುಕ್ಕೆ, ಮೀಸೆಯ ಆಕಾರ, ಕೂರುವ ಭಂಗಿ ಎಲ್ಲವೂ ಸ್ಪಷ್ಟವಾಗಿ ಕಾಣಬೇಕು. ಕೆಲವು ಪ್ರಭೇದಗಳನ್ನಂತೂ ಜನನಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸದೆ ಬೇರ್ಪಡಿಸಲಾಗದು. ಅಂಥ ಚಿತ್ರಗಳಿಗೆ ತಜ್ಞರು ಕುಲದ ಹೆಸರನ್ನಷ್ಟೇ ಕೊಡುತ್ತಾರೆ.

ಮರಿಹುಳು ಮೇಯುವ ಗಿಡ ಗೊತ್ತಾದರೆ ಪತಂಗದ ಸುಳಿವೂ ಸಿಗುತ್ತದೆ. ನಂದಿಬಟ್ಟಲು, ಕಣಗಿಲೆಯ ಎಲೆ ಮೇಯುವ ದಪ್ಪನೆಯ ಹಸಿರು ಹುಳುವನ್ನು ನೋಡಿ. ತಲೆಯ ಹಿಂದೆ ಕಣ್ಣಿನಂಥ ಎರಡು ನೀಲಿ ಮಚ್ಚೆಗಳಿದ್ದರೆ, ಅದು ಮುಂದೆ ಹಸಿರು-ಗುಲಾಬಿ ಚಿತ್ತಾರದ ಒಲಿಯಾಂಡರ್ ಹಾಕ್ ಮಾತ್ ಆಗುತ್ತದೆ.

ಗಿಡವನ್ನು ಗುರುತಿಸಲು ಹೂವಿನ ಚಿತ್ರವೊಂದೇ ಸಾಲದು. ಎಲೆಗಳು ಎದುರುಬದುರಾಗಿವೆಯೋ ಒಂದಾದ ಮೇಲೊಂದು ಬಂದಿವೆಯೋ ಎಂಬುದು ಮುಖ್ಯ. ಎಲೆಯ ಹಿಂಬದಿ, ತೊಗಟೆ, ಕಾಯಿಯ ಚಿತ್ರಗಳೂ ಬೇಕು. ಜೊತೆಗೆ ಊರು, ದಿನಾಂಕ ಬರೆದಿಟ್ಟರೆ, ಯಾವ ಪ್ರಭೇದ ಎಲ್ಲಿ, ಯಾವ ತಿಂಗಳಲ್ಲಿ ಕಾಣುತ್ತದೆಂದು ಅಧ್ಯಯನ ಮಾಡುವವರಿಗೆ ಅದು ನೇರವಾಗಿ ಉಪಯೋಗಕ್ಕೆ ಬರುತ್ತದೆ.