ಬೆರಳಿಗೆ ಅಪ್ಪಣೆ ಕೊಡುವ ಮಿದುಳು

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಹೂ ಕಟ್ಟುವವರ ಕೈಚಳಕಕ್ಕೆ ಬೆರಗಾಗದವರು ವಿರಳ. ಕಣ್ಣು ಗಿರಾಕಿಯ ಮೇಲೆ. ಬೆರಳುಗಳು ತಮ್ಮಷ್ಟಕ್ಕೆ ತಾವೇ ದಾರ ಸುತ್ತಿ ಗಂಟು ಬಿಗಿಯುತ್ತಿರುತ್ತವೆ. ಆದರೆ ಬೆರಳಿಗೆ ಸ್ವಂತ ಬುದ್ಧಿಯಿಲ್ಲ. ಅದರ ಒಡೆಯನಿರುವುದು ತಲೆಯೊಳಗೆ.

ಮಿದುಳಿನ ಹೊರಪದರದಲ್ಲಿ, ಎರಡೂ ಪಕ್ಕಗಳಲ್ಲಿ, ಕಿವಿಯ ಮೇಲಿನಿಂದ ನಡುನೆತ್ತಿಗೇರುವ ಪಟ್ಟಿಯೊಂದಿದೆ. ಚಲನೆಯ ಅಪ್ಪಣೆಗಳು ಮುಖ್ಯವಾಗಿ ಹೊರಡುವುದು ಇಲ್ಲಿಂದಲೇ. ಮಾಂಟ್ರಿಯಲ್ ನಗರದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಅವರು ಎಚ್ಚರವಾಗಿದ್ದ ರೋಗಿಗಳ ಮಿದುಳಿಗೆ ಸೌಮ್ಯವಾದ ವಿದ್ಯುತ್ತನ್ನು ತಾಗಿಸಿ, ಸಹೋದ್ಯೋಗಿ ಬೋಲ್ಡ್ರೆಯವರೊಡನೆ 1937ರಲ್ಲಿ ಇದರ ವಿವರಗಳನ್ನು ಪ್ರಕಟಿಸಿದರು. ವಿಶಾಲವಾದ ಬೆನ್ನಿಗೆ ಅಲ್ಲಿ ದೊರೆತ ಜಾಗ ಅತ್ಯಲ್ಪ. ಪುಟ್ಟ ಕೈಗೆ ದೊರೆತದ್ದು ಅದಕ್ಕಿಂತ ಎಷ್ಟೋ ಮಿಗಿಲು. ಕೆಲಸ ನಾಜೂಕಾದಷ್ಟೂ ಪಾಲು ದೊಡ್ಡದು! ಇಲ್ಲಿಂದ ಹೊರಟ ನರತಂತುಗಳಲ್ಲಿ ಬಹುಪಾಲು, ಮಿದುಳು ಬೆನ್ನುಹುರಿಯನ್ನು ಕೂಡುವೆಡೆಯಲ್ಲಿ ಎದುರು ಪಕ್ಕಕ್ಕೆ ದಾಟುತ್ತವೆ. ಆದ್ದರಿಂದ ಎಡಗೈಗೆ ಮಿದುಳಿನ ಬಲ ಪಾರ್ಶ್ವವೇ ಅಧಿಪತಿ.

ಒಡೆಯನ ಅಪ್ಪಣೆಯೇ ಕೆಟ್ಟರೆ? ಗಿಟಾರ್ ವಾದಕನೊಬ್ಬನಿಗೆ ಈ ಸಂಕಟ ಒದಗಿತು. ಎಡಗೈಯ ಮೂರು ಬೆರಳುಗಳು ಉಳಿದೆಲ್ಲ ಕೆಲಸಗಳಿಗೂ ಒದಗುತ್ತಿದ್ದವು; ವಾದ್ಯ ಹಿಡಿದೊಡನೆ ಮಾತ್ರ ಸೆಟೆದುಕೊಳ್ಳುತ್ತಿದ್ದವು. ಇದಕ್ಕೆ ಡಿಸ್ಟೋನಿಯ ಎಂದು ಹೆಸರು. ಹೊರಪದರವು ಒಂಟಿಯಾಗಿ ಅಪ್ಪಣೆ ಹೊರಡಿಸುವುದಿಲ್ಲ. ಮಿದುಳಿನ ಆಳದಲ್ಲಿರುವ ಥಲಾಮಸ್ ಮೊದಲಾದ ಕೇಂದ್ರಗಳು ಅದನ್ನು ತಿದ್ದುತ್ತಿರುತ್ತವೆ. ಈ ತಿದ್ದುಪಡಿ ದಾರಿತಪ್ಪಿದರೆ, ಬೇಡದ ಸ್ನಾಯುಗಳೂ ಬಿಗಿದುಕೊಳ್ಳುತ್ತವೆ.

2017ರ ಜುಲೈಯಲ್ಲಿ, ಬೆಂಗಳೂರು ದಂಡು ರೈಲುನಿಲ್ದಾಣಕ್ಕೆ ಸಮೀಪದ ವಸಂತನಗರದ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ಡಾ. ಶರಣ್ ಶ್ರೀನಿವಾಸನ್ ಅವರ ತಂಡ ಈತನಿಗೆ ಶಸ್ತ್ರಚಿಕಿತ್ಸೆ ನಡೆಸಿತು. ಅದು ಸುಮಾರು 7 ಗಂಟೆಗಳ ಕಾಲ ನಡೆಯಿತು. ರೋಗಿ ಎಚ್ಚರವಾಗಿದ್ದ, ಕೈಯಲ್ಲಿ ಗಿಟಾರ್ ಇತ್ತು! ಮಿದುಳಿಗೆ ನೋವಿನ ಅರಿವಿಲ್ಲ. ನೆತ್ತಿಯ ಚರ್ಮವನ್ನು ಮರಗಟ್ಟಿಸಿದರೆ ಸಾಕು. ವೈದ್ಯರು ಸೂಕ್ಷ್ಮ ಸಲಾಕೆಯೊಂದನ್ನು ಥಲಾಮಸ್‌ಗೆ ಇಳಿಸಿ, ತಪ್ಪು ಅಪ್ಪಣೆಗೆ ಕಾರಣವಾದ ಎಡೆಯನ್ನು ಸ್ವಲ್ಪಸ್ವಲ್ಪವಾಗಿ ಸುಟ್ಟರು. ಗುರಿ ಸರಿಯೋ ತಪ್ಪೋ ಎಂಬುದನ್ನು ಆತನ ವಾದನವೇ ತಿಳಿಸುತ್ತಿತ್ತು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಬೆರಳುಗಳು ಸಡಿಲಗೊಂಡವು.

ಬರೆಯಲು ಕುಳಿತಾಗ ಮಾತ್ರ ಕೈ ಸೆಟೆದುಕೊಳ್ಳುವ ಬೇನೆಯೂ ಇದೇ ಬಳಗದ್ದು. ಅಂಥವರನ್ನು ಸೋಮಾರಿಗಳೆಂದು ಜರೆಯುವುದೂ, ಇನ್ನಷ್ಟು ಅಭ್ಯಾಸ ಮಾಡೆಂದು ಒತ್ತಾಯಿಸುವುದೂ ಸಲ್ಲದು. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಚುಚ್ಚುಮದ್ದು, ಬೆರಳುಗಳನ್ನು ಹೊಸದಾಗಿ ಪಳಗಿಸುವ ಕ್ರಮಗಳೂ ಉಂಟು. ಕೈಗೆ ಎಣ್ಣೆ ತಿಕ್ಕುತ್ತ ವರ್ಷಗಳನ್ನು ಕಳೆಯುವ ಮೊದಲು ನರರೋಗತಜ್ಞರನ್ನು ಕಾಣುವುದು ಲೇಸು. ದೋಷ ಕೈಯದಲ್ಲ, ಮನಸ್ಸಿನದೂ ಅಲ್ಲ.