ದೀಪ ಆರಿಸಿದರೂ ಬಿಲ್ಲು ಇಳಿಯುವುದಿಲ್ಲ ಏಕೆ?

"ಹಗಲು ಹೊತ್ತಲ್ಲಿ ಲೈಟು ಯಾಕೆ ಉರೀತಿದೆ?" ಎಂಬ ಗದರಿಕೆ ಕೇಳಿಸದ ಮನೆ ನಮ್ಮಲ್ಲಿ ಅಪರೂಪ. ಹೀಗೆ ಗದರಿದ ಯಜಮಾನರೇ ಬಚ್ಚಲಿಗೆ ಹೋಗಿ ಶವರ್ ತಿರುಗಿಸಿ ಹತ್ತು ನಿಮಿಷ ಬಿಸಿನೀರಿನಲ್ಲಿ ನಿಲ್ಲುತ್ತಾರೆ. ಅದಕ್ಕೆ ಯಾರೂ ಗದರುವುದಿಲ್ಲ.

ಗದರುವ ಈ ಅಭ್ಯಾಸ 60 ವ್ಯಾಟ್‌ನ ಬುರುಡೆ ಬಲ್ಬಿನ ಕಾಲದ್ದು. ಆಗ ಅದಕ್ಕೆ ಅರ್ಥವಿತ್ತು. ಈಗ ಅದೇ ಬೆಳಕು ಕೊಡುವ ಎಲ್‌ಇಡಿ ಬಲ್ಬಿಗೆ 9 ವ್ಯಾಟ್ ಸಾಕು. ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಆ ಲೆಕ್ಕದಲ್ಲಿ ಈ ಬಲ್ಬು ಒಂದು ಯೂನಿಟ್ ಖರ್ಚು ಮಾಡಲು ನೂರು ಗಂಟೆಗೂ ಹೆಚ್ಚು ಉರಿಯಬೇಕು. ಇನ್ನೊಂದು ಕಡೆ, 20 ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ ಸ್ನಾನಕ್ಕೆ ಹದವಾದ 42 ಡಿಗ್ರಿಗೆ ತರಲು ಸುಮಾರು 0.46 ಯೂನಿಟ್ ಬೇಕು. ಅಂದರೆ ಒಂದು ಬಕೆಟ್ ಬಿಸಿನೀರು, ಎರಡು ದಿನ ಎರಡು ರಾತ್ರಿ ಎಡೆಬಿಡದೆ ಉರಿದ ಒಂದು ಬಲ್ಬಿಗೆ ಸಮ.

ಮನೆಯ ಕರೆಂಟು ಹೆಚ್ಚಾಗಿ ಖರ್ಚಾಗುವುದು ಎರಡು ದಾರಿಯಲ್ಲಿ: ಏನನ್ನಾದರೂ ಕಾಯಿಸುವಾಗ ಅಥವಾ ತಂಪು ಮಾಡುವಾಗ, ಇಲ್ಲವೇ ಸಣ್ಣದೊಂದು ಉಪಕರಣ ದಿನದ 24 ಗಂಟೆಯೂ ನಡೆಯುವಾಗ. ಇವೆರಡೂ ಕಣ್ಣಿಗೆ ಕಾಣುವುದಿಲ್ಲ. ಉರಿಯುವ ದೀಪ ಕಾಣುತ್ತದೆ, ಹಾಗಾಗಿ ಬೈಗುಳವೆಲ್ಲ ಅದರ ಪಾಲಿಗೆ. ದೀಪ ಆರಿಸಬೇಡಿ ಎನ್ನುತ್ತಿಲ್ಲ, ಅಷ್ಟರಿಂದಲೇ ಬಿಲ್ಲು ಇಳಿಯುತ್ತದೆಂದು ಕಾಯಬೇಡಿ. ಮನೆಖರ್ಚಿನ ಬಗ್ಗೆ ಹೀಗೆಯೇ ಓಡಾಡುವ ಇನ್ನೂ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

"ಗೀಸರ್ ಸದಾ ಆನ್ ಇದ್ದರೆ ಕರೆಂಟು ಕಡಿಮೆ"

ಪದೇಪದೇ ತಣ್ಣೀರು ಕಾಯಿಸುವುದಕ್ಕಿಂತ ನೀರನ್ನು ಬಿಸಿಯಾಗಿಯೇ ಇಟ್ಟುಕೊಳ್ಳುವುದು ಲಾಭ ಎಂಬುದು ಇಲ್ಲಿನ ವಾದ. ತಪ್ಪು. ತೊಟ್ಟಿಯಲ್ಲಿ ನಿಂತ ಬಿಸಿನೀರು ಬಳಸದಿದ್ದರೂ ಶಾಖ ಕಳೆದುಕೊಳ್ಳುತ್ತಲೇ ಇರುತ್ತದೆ, ಥರ್ಮೋಸ್ಟ್ಯಾಟ್ ಅದನ್ನು ತುಂಬುತ್ತಲೇ ಇರುತ್ತದೆ. ಒಳ್ಳೆಯ ಹೊದಿಕೆಯಿರುವ 15 ಲೀಟರಿನ ಗೀಸರ್ ಕೂಡ ಹೀಗೆ ದಿನಕ್ಕೆ ಅರ್ಧ ಯೂನಿಟ್‌ನ ಆಸುಪಾಸು ಸುಮ್ಮನೆ ತಿನ್ನಬಲ್ಲದು. ತಿಂಗಳಿಗೆ ಹದಿನೈದು ಯೂನಿಟ್, ಒಂದು ಚೊಂಬು ನೀರನ್ನೂ ಬಳಸದೆ.

ಆದರೆ ಇದರ ಬೆನ್ನಿಗೇ ಇರುವ ಇನ್ನೊಂದು ನಂಬಿಕೆಯೂ ಅಷ್ಟು ಸರಿಯಲ್ಲ. ಗೀಸರ್ ಆರಿಸಲು ಒಂದು ಗಂಟೆ ಮರೆತರೆ ಮನೆಯೇ ಮುಳುಗಿತು ಎಂಬಂತೆ ಕೂಗಾಡುವವರಿದ್ದಾರೆ. ಆ ಒಂದು ಗಂಟೆಯ ನಷ್ಟ ಕೆಲವು ಪೈಸೆ. ಆರಿಸಬೇಕಾದದ್ದು ಮುಖ್ಯವಾಗಿ ಸುರಕ್ಷತೆಗಾಗಿ. ನಿಜವಾದ ಖರ್ಚು ಇರುವುದು ಮೈಮೇಲೆ ಸುರಿದುಕೊಳ್ಳುವ ನೀರಿನಲ್ಲಿ. ಸಾಮಾನ್ಯ ಶವರ್ ನಿಮಿಷಕ್ಕೆ ಒಂಬತ್ತು ಲೀಟರ್ ಬಿಟ್ಟರೆ ಹತ್ತು ನಿಮಿಷದ ಸ್ನಾನಕ್ಕೆ ನಾಲ್ಕೂವರೆ ಬಕೆಟ್, ಎರಡು ಯೂನಿಟ್. ಅದೇ ಮನುಷ್ಯ ಬಕೆಟ್ಟು ಚೊಂಬು ಹಿಡಿದರೆ ಒಂದೂವರೆ ಬಕೆಟ್‌ನಲ್ಲಿ ಸ್ನಾನ ಮುಗಿಯುತ್ತದೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಇದರ ವ್ಯತ್ಯಾಸ 150 ಯೂನಿಟ್ ದಾಟುತ್ತದೆ. ಈ ಲೇಖನದಲ್ಲಿರುವ ಬೇರೆ ಯಾವ ಉಪಾಯಕ್ಕೂ ಇಷ್ಟು ತೂಕವಿಲ್ಲ.

ಬಕೆಟ್ಟಿನ ನೀರಿಗೆ ಇಳಿಬಿಡುವ ಕಾಯಿಲ್ ಹೆಚ್ಚು ಕರೆಂಟು ಕುಡಿಯುತ್ತದೆ ಎಂಬುದೂ ಸುಳ್ಳು. ಅಷ್ಟೇ ನೀರನ್ನು ಅಷ್ಟೇ ಬಿಸಿ ಮಾಡಲು ಕಾಯಿಲ್‌ಗೂ ಗೀಸರ್‌ಗೂ ಬೇಕಾದ ಶಾಖ ಒಂದೇ. ಕಾಯಿಲ್‌ನ ತೊಂದರೆ ಬೇರೆ: ಸ್ವಿಚ್ ಆರಿಸದೆ ನೀರಿಗೆ ಕೈ ಅದ್ದಿದವರಿಗೆ ಅದು ಎರಡನೇ ಅವಕಾಶ ಕೊಡದಿರಬಹುದು.

"ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ"

2023ರ ಜುಲೈ ತಿಂಗಳ ಬಳಕೆಯಿಂದ ಕರ್ನಾಟಕ ಸರ್ಕಾರದ ಈ ಉಚಿತ ವಿದ್ಯುತ್ ಯೋಜನೆ ಜಾರಿಗೆ ಬಂತು. ಅಂದಿನಿಂದಲೂ 200 ಎಂಬ ಅಂಕಿಯೇ ಜನರ ತಲೆಯಲ್ಲಿ ಕೂತಿದೆ. ನಿಯಮ ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿದರೆ ಬರುವುದೇ ನಿಮ್ಮ ಉಚಿತ ಪಾಲು. ಸರಾಸರಿ 120 ಇದ್ದವರಿಗೆ 132 ಯೂನಿಟ್. ತೀರಾ ಕಡಿಮೆ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ ಸೇರಿಸುವ ತೀರ್ಮಾನ 2024ರಲ್ಲಿ ಆಯಿತು. ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ ಹಿಡಿದು 58 ಯೂನಿಟ್ ಎಂದು ನಿಗದಿ ಮಾಡಿದ್ದರು.

ಪಾಲು ಮೀರಿ 200ರ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದ ತಿಂಗಳು ಮಾತ್ರ ಪೂರ್ತಿ ಬಿಲ್ಲು ಕಟ್ಟಬೇಕು. ಹಾಗಾಗಿ ಬೇಸಿಗೆಯ ಯಾವುದೋ ತಿಂಗಳು 190ರಲ್ಲಿ ನಿಂತ ಮನೆಗೂ 205ಕ್ಕೆ ಹೋದ ಮನೆಗೂ ನಡುವಿನ ವ್ಯತ್ಯಾಸ 15 ಯೂನಿಟ್‌ನ ಬೆಲೆಯಲ್ಲ, ಸಾವಿರ ರೂಪಾಯಿಯ ಹತ್ತಿರ ಹೋಗಬಹುದು. ಮೀಟರನ್ನು ತಿಂಗಳ ಮಧ್ಯೆ ಒಮ್ಮೆ ಇಣುಕಿ ನೋಡುವುದಕ್ಕೆ ಖರ್ಚಿಲ್ಲ.

"ಸ್ಲ್ಯಾಬ್ ದಾಟಿದರೆ ದರ ಏರುತ್ತದೆ" ಎಂಬ ಹಳೆಯ ಎಚ್ಚರಿಕೆಯೂ ಇನ್ನೂ ಓಡಾಡುತ್ತಿದೆ. ಗೃಹಬಳಕೆಗೆ ಸ್ಲ್ಯಾಬ್ ತೆಗೆದು 2024ರ ಏಪ್ರಿಲ್‌ನಿಂದ ಏಕರೂಪದ ದರ ಬಂದಿದೆ. ಆ ವರ್ಷ ಅದು ಯೂನಿಟ್‌ಗೆ 5.90 ರೂಪಾಯಿ ಇತ್ತು. ಲೆಕ್ಕಕ್ಕೆ ಆರು ರೂಪಾಯಿ ಎಂದುಕೊಳ್ಳಿ.

"ಫ್ಯಾನ್ ನಿಧಾನಕ್ಕಿಟ್ಟರೂ ಕರೆಂಟು ಅಷ್ಟೇ"

ಗೋಡೆಗೆ ಇಟ್ಟಿಗೆ ಗಾತ್ರದ ರೆಗ್ಯುಲೇಟರ್ ಇದ್ದ ಕಾಲಕ್ಕೆ ಈ ಮಾತು ಹೆಚ್ಚುಕಡಿಮೆ ನಿಜ. ಫ್ಯಾನಿಗೆ ತಗ್ಗಿಸಿದ ಕರೆಂಟಿನ ದೊಡ್ಡ ಪಾಲು ಆ ಡಬ್ಬಿಯಲ್ಲಿ ಶಾಖವಾಗಿ ಹೋಗುತ್ತಿತ್ತು, ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಸ್ವಿಚ್‌ಬೋರ್ಡಿನಲ್ಲೇ ಕೂರುವ ಇಂದಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ ವೇಗ ಇಳಿದರೆ ಬಳಕೆಯೂ ಇಳಿಯುತ್ತದೆ.

ಬಿಎಲ್‌ಡಿಸಿ ಫ್ಯಾನ್ ಕೊಂಡರೆ ಎಲ್ಲರಿಗೂ ಲಾಭ ಎನ್ನುವ ಜಾಹೀರಾತು ಫ್ಯಾನಿನ ಬಗೆಗಿನ ಹೊಸ ನಂಬಿಕೆ. ಹಳೆಯ ಫ್ಯಾನ್ 75 ವ್ಯಾಟ್, ಇದು 30ರ ಸುಮಾರು. ದಿನಕ್ಕೆ 15 ಗಂಟೆ ತಿರುಗುವ ನಡುಮನೆಯ ಫ್ಯಾನಾದರೆ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ, ಕೊಟ್ಟ ಹೆಚ್ಚುವರಿ ದುಡ್ಡು ವರ್ಷದ ಹೊತ್ತಿಗೆ ವಾಪಸು ಬರಬಹುದು. ನೆಂಟರು ಬಂದಾಗ ಮಾತ್ರ ತಿರುಗುವ ಫ್ಯಾನನ್ನು ಬದಲಿಸುವುದು ದಂಡ. ಬಿಲ್ಲೇ ಸೊನ್ನೆ ಬರುವ ಮನೆಯಲ್ಲೂ ಅಷ್ಟೇ.

ದಿನದ 24 ಗಂಟೆಯೂ ನಡೆಯುವ ಸಣ್ಣ ಉಪಕರಣಕ್ಕೂ ಒಂದು ಲೆಕ್ಕ: ಮನೆಯ ಟಿವಿ ರಿಮೋಟಿನಲ್ಲಿ ಆರಿಸಿದ ಮೇಲೂ ಕೆಂಪು ಚುಕ್ಕೆ ಉರಿಸುತ್ತ ಕೂತ ಸೆಟ್‌ಟಾಪ್ ಬಾಕ್ಸ್ 10 ವ್ಯಾಟ್ ಎಳೆಯುತ್ತಿದ್ದರೆ ತಿಂಗಳಿಗೆ ಏಳು ಯೂನಿಟ್. ಬೈಗುಳ ತಿಂದ ಆ ಬಲ್ಬಿಗಿಂತ ಇದೇ ಹೆಚ್ಚು.

"ಉರಿ ಜೋರಿದ್ದರೆ ಅಡುಗೆ ಬೇಗ"

ನೀರು ಕುದಿಯುವವರೆಗೆ ಮಾತ್ರ. ಕುದಿ ಬಂದ ಮೇಲೆ ಎಷ್ಟೇ ಉರಿ ಕೊಟ್ಟರೂ ತೆರೆದ ಪಾತ್ರೆಯ ನೀರು 100 ಡಿಗ್ರಿ ದಾಟುವುದಿಲ್ಲ. ಎತ್ತರದಲ್ಲಿರುವ ಬೆಂಗಳೂರಿನಲ್ಲಿ 97ರ ಸುಮಾರಿಗೇ ಕುದಿಯುತ್ತದೆ. ಜೋರು ಉರಿ ಆಗ ಬೇಳೆಯನ್ನು ಬೇಯಿಸುತ್ತಿಲ್ಲ, ನೀರನ್ನು ಆವಿ ಮಾಡಿ ಅಡುಗೆಮನೆ ತುಂಬಿಸುತ್ತಿದೆ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಕುದಿಸಿದರೂ ಅಷ್ಟೇ ಹೊತ್ತಿಗೆ ಬೇಯುತ್ತದೆ.

ಕುಕ್ಕರಿನಲ್ಲಿ ಒಳಗಿನ ಶಾಖ 120 ಡಿಗ್ರಿಯ ಹತ್ತಿರಕ್ಕೆ ಏರುವುದರಿಂದ ಕೆಲಸ ಬೇಗ. ಆದರೆ ನಾವು "ಐದು ವಿಷಲ್ ಕೂಗಿಸಬೇಕು" ಎಂದು ಎಣಿಸುತ್ತೇವೆ. ವಿಷಲ್ ಎಂದರೆ ಹೆಚ್ಚಾದ ಆವಿಯನ್ನು ಕುಕ್ಕರ್ ಹೊರಗೆ ಎಸೆಯುತ್ತಿದೆ ಎಂದರ್ಥ. ಗ್ಯಾಸಿಗೆ ಕೊಟ್ಟ ದುಡ್ಡೇ ಹಾಗೆ ಬುಸುಗುಟ್ಟುವುದು. ಮೊದಲ ಕೂಗಿಗೆ ಉರಿ ಪೂರ್ತಿ ತಗ್ಗಿಸಿ ನಿಮಿಷ ಎಣಿಸಿದರೆ ಬೇಳೆ ಅಷ್ಟೇ ಚೆನ್ನಾಗಿ ಬೇಯುತ್ತದೆ. ಕಡಲೆ, ಅಲಸಂದೆ, ಹುರುಳಿಯನ್ನು ರಾತ್ರಿಯೇ ನೆನೆಹಾಕುವುದು ಅಜ್ಜಿಯರ ಕಾಲದಿಂದ ಬಂದದ್ದು, ಅದರಲ್ಲಿ ತಪ್ಪು ಹುಡುಕಲು ನನಗೇನೂ ಸಿಕ್ಕಿಲ್ಲ.

ಸಿಲಿಂಡರ್ ಮುಗಿಯುತ್ತ ಬಂದಾಗ ಅಡ್ಡ ಮಲಗಿಸುವುದು, ಬಿಸಿನೀರಿನ ಟಬ್ಬಿನಲ್ಲಿ ಇಡುವುದು ಉಳಿತಾಯವಲ್ಲ, ಅಪಾಯ. ಅಡ್ಡ ಬಿದ್ದ ಸಿಲಿಂಡರಿನಿಂದ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಬಹುದು. ಅದಕ್ಕಿಂತ ಸಿಲಿಂಡರ್ ಬಂದ ದಿನವೇ ತೂಕ ಹಾಕಿಸಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ, ಅದಕ್ಕೆ 14.2 ಕೆ.ಜಿ. ಕೂಡಿಸಿದಷ್ಟು ಇರಬೇಕು. ಕೇಳುವುದಕ್ಕೆ ಸಂಕೋಚ ಬೇಡ, ಅದು ಗ್ರಾಹಕರ ಹಕ್ಕು.

ಇಂಡಕ್ಷನ್ ಒಲೆ ಗ್ಯಾಸಿಗಿಂತ ಅಗ್ಗವೋ ದುಬಾರಿಯೋ? ಎರಡೂ ಕಡೆಯವರು ಆಣೆ ಮಾಡಿ ಹೇಳುತ್ತಾರೆ. ಒಂದು ಸಿಲಿಂಡರಿನಲ್ಲಿ 180 ಯೂನಿಟ್‌ಗೆ ಸಮನಾದ ಶಾಖವಿದ್ದರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪಾತ್ರೆಯ ಪಕ್ಕದಿಂದ ಗಾಳಿಗೆ ಹೋಗುತ್ತದೆ. ಇಂಡಕ್ಷನ್‌ನಲ್ಲಿ ಪೋಲು ಕಡಿಮೆ. ಎರಡನ್ನೂ ತೂಗಿದರೆ ಒಂದು ಸಿಲಿಂಡರಿನ ಅಡುಗೆಗೆ ಇಂಡಕ್ಷನ್‌ನಲ್ಲಿ 130ರಿಂದ 145 ಯೂನಿಟ್ ಬೇಕು. ನಿಮ್ಮೂರಿನ ಸಿಲಿಂಡರ್ ಬೆಲೆಯನ್ನು 140ರಿಂದ ಭಾಗಿಸಿ. ಬಂದ ಉತ್ತರ ಯೂನಿಟ್ ದರಕ್ಕಿಂತ ಹೆಚ್ಚಿದ್ದರೆ ಇಂಡಕ್ಷನ್ ಅಗ್ಗ, ಕಡಿಮೆಯಿದ್ದರೆ ಗ್ಯಾಸ್. ಆದರೆ ಆ ಯೂನಿಟ್‌ಗಳು ನಿಮ್ಮನ್ನು 200ರ ಗೆರೆ ದಾಟಿಸಿದರೆ ಲೆಕ್ಕವೇ ಬುಡಮೇಲು.

"ಆರ್‌ಓ ಇಲ್ಲದ ನೀರು ಕುಡಿಯಬಾರದು"

ಆರ್‌ಓ ಯಂತ್ರದ ಕೆಲಸ ನೀರಿನಲ್ಲಿ ಕರಗಿದ ಲವಣ ತೆಗೆಯುವುದು. ಕೋಲಾರದ ಕಡೆ ಫ್ಲೋರೈಡ್ ಇರುವ ಬೋರ್‌ವೆಲ್ ನೀರಿಗೆ, ಚಹಾ ಒಡೆದುಹೋಗುವಷ್ಟು ಗಡಸು ನೀರಿಗೆ ಅದು ಬೇಕು. ಕಾವೇರಿ ನೀರು ಸಹಜವಾಗಿಯೇ ಮೆದು. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆಯಿರುವ ಕಡೆ ಆರ್‌ಓ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತ್ತು. ಕಾರಣ, ಈ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚರಂಡಿಗೆ ಬಿಡುತ್ತದೆ. ಸಂಪಿನ ನೀರಿನಲ್ಲಿ ರೋಗಾಣುಗಳ ಭಯವಿದ್ದರೆ ಯುವಿ ಫಿಲ್ಟರ್ ಅಥವಾ ಕುದಿಸುವುದು ಸಾಕು. ಯಂತ್ರದ ಬೆಲೆಗಿಂತ ವರ್ಷಾವರ್ಷ ಕಟ್ಟುವ ಸರ್ವಿಸ್ ಮತ್ತು ಮೆಂಬ್ರೇನ್ ಖರ್ಚೇ ದೊಡ್ಡದು.

"ದೊಡ್ಡ ಪ್ಯಾಕೆಟ್ ಅಗ್ಗ, ಎಂಆರ್‌ಪಿ ಸರ್ಕಾರದ ಬೆಲೆ"

ಎರಡೂ ಅಲ್ಲ. ಎಂಆರ್‌ಪಿ ಮುದ್ರಿಸಬೇಕೆಂಬ ನಿಯಮ ಸರ್ಕಾರದ್ದು, 1990ರಲ್ಲಿ ಬಂದದ್ದು; ಎಷ್ಟು ಮುದ್ರಿಸಬೇಕೆಂಬುದು ಕಂಪನಿಯ ಇಷ್ಟ. ಮೊದಲೇ ಏರಿಸಿಟ್ಟ ಅಂಕಿಯ ಮೇಲೆ "ಶೇ. 30 ರಿಯಾಯಿತಿ" ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಅದು ಗರಿಷ್ಠ ಬೆಲೆಯಾದ್ದರಿಂದ ಕಡಿಮೆಗೆ ಕೇಳುವುದು ತಪ್ಪಲ್ಲ, "ತಣ್ಣಗೆ ಮಾಡಿದ ಚಾರ್ಜು" ಎಂದು ಹೆಚ್ಚು ಕೇಳುವುದು ತಪ್ಪು.

ಈಗ ಪ್ಯಾಕೆಟ್ಟುಗಳ ಮೇಲೆ ಗ್ರಾಂ ಅಥವಾ ಮಿಲಿಲೀಟರಿಗೆ ಎಷ್ಟು ಬೀಳುತ್ತದೆಂಬ ಬೆಲೆಯನ್ನೂ ಸಣ್ಣಕ್ಷರದಲ್ಲಿ ಮುದ್ರಿಸುತ್ತಾರೆ. ನೋಡಬೇಕಾದದ್ದು ಅದನ್ನು. ಶ್ಯಾಂಪೂವಿನಲ್ಲಿ ಬಾಟಲಿಗಿಂತ ಸ್ಯಾಶೆಯೇ ಅಗ್ಗವಾಗುವುದುಂಟು. ಐದು ರೂಪಾಯಿಯ ಬಿಸ್ಕತ್ತು ಐದೇ ರೂಪಾಯಿಗೆ ಉಳಿದಿರುವುದು ಒಳಗಿನ ಗ್ರಾಂ ಕರಗುತ್ತ ಬಂದದ್ದರಿಂದ.

ಒಟ್ಟಿಗೆ ತಂದಿಡುವುದರಲ್ಲೂ ವಿವೇಚನೆ ಬೇಕು. ಸುಗ್ಗಿಯ ಬೆನ್ನಿಗೆ ತರಬಹುದಾದವು ಕೆಲವೇ: ಕಲಬುರಗಿ ಸೀಮೆಯ ತೊಗರಿ ಬರುವ ಹೊತ್ತಿನ ಬೇಳೆ, ಬ್ಯಾಡಗಿ ಮಾರುಕಟ್ಟೆ ತುಂಬುವ ದಿನಗಳ ಒಣಮೆಣಸಿನಕಾಯಿ, ಬೇಸಿಗೆಯ ಹುಣಸೆಹಣ್ಣು, ಇಡೀ ರಾಗಿ. ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಬೀಸಿದ ಹಿಟ್ಟು ಮಾತ್ರ ಕೆಲವು ವಾರಗಳಲ್ಲಿ ಕಹಿಯಾಗುತ್ತದೆ. ರವೆ, ಕಡಲೆಹಿಟ್ಟು, ಶೇಂಗಾ, ಎಣ್ಣೆಯನ್ನು ಅಗ್ಗವೆಂದು ರಾಶಿ ತಂದರೆ ಅರ್ಧ ಹುಳುವಿಗೆ, ಉಳಿದರ್ಧ ಮುಗ್ಗಲು ವಾಸನೆಗೆ.

ಹಾಲಿನ ವಿಷಯ ಒಂದೇ ಮಾತು: ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಫುಲ್ ಕ್ರೀಮ್‌ನಲ್ಲಿ ಶೇ. 6. ಉಳಿದ ಘನಾಂಶ 8.5 ಮತ್ತು 9, ಹೆಚ್ಚು ದೂರವಿಲ್ಲ. ಹೆಚ್ಚು ದುಡ್ಡು ಕೊಟ್ಟು ಕೊಳ್ಳುವುದು ಕೆನೆಯನ್ನು. ಬೆಣ್ಣೆ ಕಡೆಯುವ ಮನೆಗೆ ಅದು ಸರಿ, ಕಾಫಿಗೆ ಮಾತ್ರ ಹಾಲು ತರುವ ಮನೆಗೆ ಬೇಕಿಲ್ಲ.

"ಅಗ್ಗದ ಮಾತ್ರೆಗೆ ಪವರ್ ಇಲ್ಲ"

ಬಿಪಿ, ಶುಗರ್ ಮಾತ್ರೆಗಳು ಈಗ ಅಕ್ಕಿ ಬೇಳೆಯ ಪಟ್ಟಿಗೇ ಸೇರಿವೆ, ಹಾಗಾಗಿ ಅವನ್ನೂ ಇಲ್ಲಿ ಹೇಳಬೇಕು. 2008ರಲ್ಲಿ ಶುರುವಾದ ಜನೌಷಧಿ ಮಳಿಗೆಗಳಲ್ಲಿ ಸಿಗುವ ಮೆಟ್‌ಫಾರ್ಮಿನ್‌ಗೂ ಹೆಸರಾಂತ ಕಂಪನಿಯ ಮೆಟ್‌ಫಾರ್ಮಿನ್‌ಗೂ ಒಳಗಿರುವ ಔಷಧ ಒಂದೇ, ಪಾಲಿಸಬೇಕಾದ ಗುಣಮಟ್ಟದ ಸಂಹಿತೆಯೂ ಒಂದೇ. ಬೆಲೆ ಮಾತ್ರ ಹಲವು ಸಲ ಅರ್ಧಕ್ಕಿಂತ ಕಡಿಮೆ. ವ್ಯತ್ಯಾಸದ ದುಡ್ಡು ಹೆಚ್ಚಾಗಿ ಪ್ರಚಾರಕ್ಕೂ ಹಂಚಿಕೆಗೂ ಹೋಗುತ್ತದೆ. ಮುಂದಿನ ಸಲ ವೈದ್ಯರ ಮುಂದೆ ಕೂತಾಗ ಔಷಧದ ಮೂಲ ಹೆಸರನ್ನೂ ಪ್ರಮಾಣವನ್ನೂ ಬರೆಸಿಕೊಳ್ಳಿ. ಬ್ರಾಂಡಿನ ಹೆಸರು ಹಿಡಿದು ಹೋದರೆ ಜನೌಷಧಿಯಲ್ಲಿ "ಇಲ್ಲ" ಎನ್ನಿಸಿಕೊಂಡು ಬರುತ್ತೀರಿ. ಥೈರಾಯ್ಡ್, ಮೂರ್ಛೆರೋಗದ ಮಾತ್ರೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ಒಂದರಿಂದ ಇನ್ನೊಂದಕ್ಕೆ ಬದಲಿಸಬೇಡಿ. ಅವುಗಳ ಪ್ರಮಾಣದಲ್ಲಿ ಸಣ್ಣ ಏರುಪೇರೂ ದೇಹಕ್ಕೆ ಗೊತ್ತಾಗುತ್ತದೆ.