ಹರಡು ಬಿಗಿದ ಕಾಲು: ನಡಿಗೆ ಮತ್ತು ನಮಾಜ್



ನಮ್ಮ ಭಾಗದ ಮಸೀದಿಗಳಲ್ಲಿ ಸಫ್‌ನ ಅಂಚಿಗೆ ಖುರ್ಚಿಗಳು ಹೆಚ್ಚುತ್ತಿವೆ. ಅವುಗಳ ಬಗ್ಗೆ ಮಾತೂ ಹೆಚ್ಚುತ್ತಿದೆ. "ಬಜಾರಕ್ಕೆ ನಡೆದು ಹೋಗ್ತಾರ, ಇಲ್ಲಿ ಬಂದರ ಖುರ್ಚಿ ಬೇಕು" ಎಂದು ಯಾರೋ ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದ ಹಿರಿಯರು ಮುಂದಿನ ವಾರದಿಂದ ಜಮಾಅತ್‌ಗೆ ಬರುವುದನ್ನೇ ಬಿಡುತ್ತಾರೆ. ಇವರಲ್ಲಿ ಕೆಲವರ ತೊಂದರೆ ಮೊಣಕಾಲಿನದಲ್ಲ, ಕಾಲಿನ ಹರಡಿನದು. ಹರಡು ಬಿಗಿದವರು ನೆಟ್ಟಗೆ ನಿಲ್ಲಬಲ್ಲರು, ಸಪಾಟು ನೆಲದ ಮೇಲೆ ಒಂದಿಷ್ಟು ನಡೆಯಲೂ ಬಲ್ಲರು. ಕಾಲು ಮಡಿಸಿ ಕೂರುವುದೇ ಅವರಿಗೆ ಕಷ್ಟ. ನೋಡುವವರಿಗೆ ಇದು ತಿಳಿಯುವುದಿಲ್ಲ.

ಮೊಣಕಾಲ ಕೆಳಗಿನ ಎರಡು ಎಲುಬುಗಳು ಪಾದದ ಮೇಲಿನ ಎಲುಬಿನ ಮೇಲೆ ಕುಳಿತಿರುವ ಜಾಗವೇ ಹರಡಿನ ಕೀಲು. ಹೆಜ್ಜೆ ಇಡುವಾಗ ಪಾದ ನೆಲದಲ್ಲೇ ಇದ್ದು ಮೈ ಮುಂದೆ ಸಾಗಬೇಕಾದರೆ ಈ ಕೀಲು ಮುಂದಕ್ಕೆ ಸುಮಾರು 10 ಡಿಗ್ರಿಯಷ್ಟಾದರೂ ಬಾಗಬೇಕು. ಮೆಟ್ಟಿಲು ಇಳಿಯಲು ಇನ್ನೂ ಹೆಚ್ಚು ಬೇಕು. ಶೌಚದಲ್ಲಿ ಹಿಮ್ಮಡಿ ಊರಿ ಕುಕ್ಕರಗಾಲಲ್ಲಿ ಕೂರಲು ಅದಕ್ಕಿಂತಲೂ ಹೆಚ್ಚು. ಕೀಲು ಬಾಗದಿದ್ದರೆ ದೇಹ ಬೇರೆ ದಾರಿ ಹುಡುಕುತ್ತದೆ. ಹಿಮ್ಮಡಿ ಬೇಗ ಮೇಲೇಳುತ್ತದೆ, ಪಾದ ಹೊರಕ್ಕೆ ತಿರುಗುತ್ತದೆ, ಮೊಣಕಾಲು ಹಿಂದಕ್ಕೆ ಸೆಟೆಯುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಭಾರವೆಲ್ಲ ಮೊಣಕಾಲು, ಚಪ್ಪೆ, ಟೊಂಕದ ಮೇಲೆ ಬೀಳುತ್ತದೆ. ಟೊಂಕನೋವೆಂದು ಮುಲಾಮು ತಿಕ್ಕಿಸಿಕೊಳ್ಳುವ ಎಷ್ಟೋ ಜನರ ಮೂಲ ತೊಂದರೆ ಕೆಳಗೆ ಪಾದದಲ್ಲಿರುತ್ತದೆ.

ಕಾರಣಗಳು ಹಲವು. ಬೈಕಿನಿಂದ ಬಿದ್ದು ಎಲುಬು ಮುರಿದದ್ದು, ಬಹಳ ದಿನ ಪ್ಲಾಸ್ಟರ್‌ನಲ್ಲಿ ಇದ್ದದ್ದು, ಸಂಧಿವಾತ, ಲಕ್ವಾ, ಚಿಕ್ಕಂದಿನ ಪೋಲಿಯೋ. ಮುಧೋಳ, ಜಮಖಂಡಿಯ ಕಬ್ಬಿನ ಗದ್ದೆಯ ಬದುವಿನ ಮೇಲೆ ಕಾಲು ಉಳುಕುವುದು ದಿನದ ಮಾತು. "ತಾನೇ ಹೋಗ್ತದ" ಎಂದು ಅರಿಶಿನ ಹಚ್ಚಿ ಬಿಡುತ್ತೇವೆ. ಮತ್ತೆ ಮತ್ತೆ ಉಳುಕಿದ ಕೀಲು ಕ್ರಮೇಣ ಸವೆಯುತ್ತದೆ. ಇನ್ನೊಂದು ಮಾತು: ಮುರಿದ ಕಾಲಿಗೆ ಬಿದಿರ ದಬ್ಬೆ ಕಟ್ಟಿಸುವಾಗ ಪಾದ ಕೆಳಮುಖವಾಗಿ ಇಳಿಬಿದ್ದ ಸ್ಥಿತಿಯಲ್ಲೇ ವಾರಗಟ್ಟಲೆ ಉಳಿದರೆ, ಮೀನಖಂಡದ ಸ್ನಾಯು ಗಿಡ್ಡವಾಗಿ ಹಿಮ್ಮಡಿ ಮತ್ತೆ ನೆಲಕ್ಕೆ ಮುಟ್ಟುವುದೇ ಕಷ್ಟವಾಗಬಹುದು. ಎಲುಬು ಮುರಿದರೆ ಮೊದಲು ಎಕ್ಸ್‌ರೇ ಆಗಲಿ.

ಹೆಣ್ಣುಮಕ್ಕಳ ವಿಷಯ ಇಲ್ಲಿ ಹೇಳಲೇಬೇಕು. ಗಂಡಸರ ಖುರ್ಚಿ ಮಸೀದಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಮನೆಯಲ್ಲಿ ನೆಲದ ಮೇಲೆ ಕೂತು ರೊಟ್ಟಿ ಬಡಿಯುವ ತಾಯಿಯ ಕಾಲನ್ನು ಯಾರೂ ನೋಡುವುದಿಲ್ಲ. ರಬಕವಿ-ಬನಹಟ್ಟಿಯಲ್ಲಿ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ದಿನವಿಡೀ ತುಳಿಯುವವರಿಗೆ, ಪವರ್‌ಲೂಮ್ ಮುಂದೆ ಗಂಟೆಗಟ್ಟಲೆ ನಿಲ್ಲುವವರಿಗೆ ಕಾಲು ನೋವು ಕೆಲಸದ ಭಾಗವೇ ಆಗಿಬಿಟ್ಟಿದೆ. ಒಲೆಯನ್ನು ಕಟ್ಟೆಯ ಮೇಲೆ ಏರಿಸುವುದಕ್ಕೆ, ಶೌಚಕ್ಕೆ ಕಮೋಡ್ ಖುರ್ಚಿ ತರುವುದಕ್ಕೆ ದೊಡ್ಡ ಖರ್ಚಿಲ್ಲ. ಮದುವೆಗೆ ಸಾಲ ಮಾಡುವ ಮನೆಗಳು ಇದಕ್ಕೆ ಹಿಂಜರಿಯುವುದು ನಮಗೆ ಅರ್ಥವಾಗುವುದಿಲ್ಲ.

ಈಗ ನಮಾಜಿನ ಮಾತು. ಸಹೀಹ್ ಬುಖಾರಿಯಲ್ಲಿ ಹಜ್ರತ್ ಅಬ್ದುಲ್ಲಾಹ್ ಬಿನ್ ಉಮರ್ (ರ.ಅ.) ಅವರ ಒಂದು ಪ್ರಸಂಗವಿದೆ. ಅವರು ನಮಾಜಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತದ್ದನ್ನು ಕಂಡು ಹರೆಯದ ಮಗನೂ ಹಾಗೆಯೇ ಕೂತ. ಅವರು ತಡೆದು, ಬಲಗಾಲು ನಿಲ್ಲಿಸಿ ಎಡಗಾಲು ಮಡಿಸುವುದೇ ಸುನ್ನತ್ ಎಂದು ಕಲಿಸಿದರು. ನೀವೇಕೆ ಹಾಗೆ ಕೂರುತ್ತೀರಿ ಎಂದು ಮಗ ಕೇಳಿದ್ದಕ್ಕೆ, ತಮ್ಮ ಕಾಲುಗಳು ತಮ್ಮನ್ನು ಹೊರುವುದಿಲ್ಲ ಎಂದರು. ಸುನ್ನತ್‌ನ ಪಾಲನೆಯಲ್ಲಿ ಸಹಾಬಿಗಳಲ್ಲೇ ಹೆಸರಾದವರು ಅವರು. ಆದರೂ ಕಾಲು ಕೇಳದಿದ್ದಾಗ ಬೇರೆ ರೀತಿ ಕೂತರು. ಗಟ್ಟಿ ಕಾಲಿನ ಮಗನಿಗೆ ಆ ರಿಯಾಯಿತಿ ಕೊಡಲಿಲ್ಲ.

ಪ್ರವಾದಿಯವರೇ (ಸ) ಮದೀನಾದಲ್ಲಿ ಕುದುರೆಯಿಂದ ಬಿದ್ದು ಪೆಟ್ಟಾದಾಗ ಕೂತು ನಮಾಜ್ ಮಾಡಿದ್ದಾರೆ. ಅಬೂದಾವೂದ್‌ನ ವರದಿಯಲ್ಲಿ ಅವರ ಪಾದದ ಕೀಲಿಗೆ ಪೆಟ್ಟಾಗಿತ್ತೆಂದು ಇದೆ. ಮೂಲವ್ಯಾಧಿಯಿದ್ದ ಹಜ್ರತ್ ಇಮ್ರಾನ್ ಬಿನ್ ಹುಸೈನ್ (ರ.ಅ.) ಕೇಳಿದಾಗ ಪ್ರವಾದಿಯವರು (ಸ) ಕೊಟ್ಟ ಉತ್ತರ ನಿಮಗೆಲ್ಲ ಗೊತ್ತು: ನಿಂತು, ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ.

ಹಾಗಾದರೆ ಹರಡು ಬಿಗಿದವರೆಲ್ಲ ಖುರ್ಚಿ ಹಿಡಿಯಬೇಕೇ? ಇಲ್ಲ. ನಿಲ್ಲಲು ಮತ್ತು ನೆಲದ ಮೇಲೆ ಸಜ್ದಾ ಮಾಡಲು ಆಗುವವರಿಗೆ ಫರ್ಜ್ ನಮಾಜಿನಲ್ಲಿ ಇವೆರಡೂ ಕಡ್ಡಾಯ. ಅತ್ತಹಿಯ್ಯಾತ್‌ಗೆ ಕೂರುವಾಗ ಕಾಲು ಮಡಿಯದಿದ್ದರೆ ಚಕ್ಕಳಮಕ್ಕಳ ಹಾಕಲಿ, ಪಕ್ಕಕ್ಕೆ ಚಾಚಲಿ, ಬೇಕಾದರೆ ಕಿಬ್ಲಾದ ಕಡೆಗೇ ಚಾಚಲಿ. ಏಳುವಾಗ ಗೋಡೆಯ ಅಥವಾ ಬಡಿಗೆಯ ಆಸರೆ ಹಿಡಿಯಲಿ. ನೆಲಕ್ಕೆ ಇಳಿದು ಏಳುವುದೇ ಆಗದವರಿಗೆ ಖುರ್ಚಿ. ಅವರು ರುಕೂ, ಸಜ್ದಾಗಳನ್ನು ತಲೆಬಾಗಿಸಿ ಸನ್ನೆಯಿಂದ ಮಾಡುವರು, ಸಜ್ದಾದ ಬಾಗು ರುಕೂವಿನದಕ್ಕಿಂತ ತಗ್ಗಿರಬೇಕು. ಯಾರು ಎಷ್ಟು ಹೊತ್ತು ನಿಲ್ಲಬೇಕು ಎಂಬಲ್ಲಿ ಸೂಕ್ಷ್ಮಗಳಿವೆ. ನಿಮ್ಮ ಕಾಲಿನ ಸ್ಥಿತಿಯನ್ನು ನಿಮ್ಮ ಇಮಾಮರಿಗೆ ಬಿಡಿಸಿ ಹೇಳಿ ಕೇಳಿ. ಪಕ್ಕದಲ್ಲಿ ನಿಂತವರು ತೀರ್ಪು ಕೊಡುವುದು ಬೇಡ. ಖುರ್ಚಿಯ ಜಗಳಕ್ಕಿಂತ ಜಮಾಅತ್‌ನವರು ವಜೂಖಾನೆಗೆ ಹಿಡಿಕೆ ಹಾಕಿಸುವುದು, ಎತ್ತರದ ಎರಡು ಕಟ್ಟೆ ಮಾಡಿಸುವುದು ಒಳ್ಳೆಯದು. ವಜೂನಲ್ಲಿ ಪಾದವನ್ನು ಹರಡಿನವರೆಗೆ ತೊಳೆಯುವುದು ಫರ್ಜ್, ಬಾಗಲಾಗದವರಿಗೆ ಒದ್ದೆ ನೆಲದ ಮೇಲೆ ಒಂಟಿಗಾಲಲ್ಲಿ ನಿಂತು ತೊಳೆಯುವುದು ಅಪಾಯ.

ಕಾಲು ಎಷ್ಟು ಬಿಗಿದಿದೆ ಎಂದು ಮನೆಯಲ್ಲೇ ನೋಡಬಹುದು. ಗೋಡೆಗೆ ಮುಖ ಮಾಡಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಪಾದವನ್ನು ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸುತ್ತ ಹೋಗಿ. ಎರಡು ಕಾಲಿಗೂ ಅಂತರ ಹೋಲಿಸಿದರೆ ತಿಳಿಯುತ್ತದೆ. ಸ್ನಾಯುವಿನ ಬಿಗಿತವಾಗಿದ್ದರೆ ಕಾಲು ಚಾಚಿ ಕೂತು, ಪಾದದ ತುದಿಗೆ ಟವೆಲ್ ಹಾಕಿ ತನ್ನ ಕಡೆಗೆ ಎಳೆದು 30 ಸೆಕೆಂಡು ಹಿಡಿಯುವುದು, ದಿನಕ್ಕೆ ನಾಲ್ಕಾರು ಸಲ, ನಿಧಾನವಾಗಿ ಫಲ ಕೊಡುತ್ತದೆ. ಎಲುಬಿಗೆ ಎಲುಬು ತಾಗಿ ನಿಂತ ಬಿಗಿತ ಎಳೆದರೆ ಬಿಡುವುದಿಲ್ಲ, ನೋವಷ್ಟೇ ಹೆಚ್ಚುತ್ತದೆ. ಅಂಥವರಿಗೆ ಮುಂಭಾಗ ದೋಣಿಯಂತೆ ಬಾಗಿದ ಅಟ್ಟೆಯ ಬೂಟು, ಹಿಮ್ಮಡಿ ಕೆಳಗೆ ತುಸು ಎತ್ತರ ನೆರವಾಗುತ್ತವೆ. ಬಡಿಗೆಯನ್ನು ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು; ಬಹಳ ಜನ ತಿರುವು ಮುರುವು ಹಿಡಿಯುತ್ತಾರೆ. ಶುಗರ್ ಇದ್ದು ಪಾದ ಜೋಮು ಹಿಡಿದವರು ಬಿಸಿನೀರಿನ ಶಾಖ ಕೊಡಬಾರದು, ಸುಟ್ಟರೂ ತಿಳಿಯುವುದಿಲ್ಲ. ಕೀಲು ಕೆಂಪಾಗಿ ಬಾತು ಬಿಸಿಯಾದರೆ, ಅಥವಾ ಒಂದೇ ಮೀನಖಂಡ ಊದಿಕೊಂಡರೆ ತಡಮಾಡದೆ ಡಾಕ್ಟರ ಬಳಿ ಹೋಗಿ.

ಹಜ್, ಉಮ್ರಾಕ್ಕೆ ಹೊರಟವರು ಇದನ್ನು ಮೊದಲೇ ಯೋಚಿಸಲಿ. ಸಫಾ-ಮರ್ವಾ ನಡುವಿನ 7 ಸುತ್ತು ಸೇರಿದರೆ ಸುಮಾರು 3 ಕಿಲೋಮೀಟರ್, ಅದೂ ಕಲ್ಲಿನ ನೆಲದ ಮೇಲೆ. ಅಸೌಖ್ಯದಲ್ಲಿದ್ದ ಹಜ್ರತ್ ಉಮ್ಮು ಸಲಮಾ (ರ.ಅ.) ಅವರಿಗೆ ಸವಾರಿಯ ಮೇಲೆಯೇ ತವಾಫ್ ಮಾಡಲು ಪ್ರವಾದಿಯವರು (ಸ) ಹೇಳಿದ್ದರು; ವೀಲ್‌ಚೇರ್‌ಗೆ ನಾಚಿಕೆಪಡಬೇಕಿಲ್ಲ. ಇಹ್ರಾಮ್‌ನಲ್ಲಿ ಗಂಡಸರು ಹರಡು ಮುಚ್ಚುವ ಬೂಟು ಹಾಕುವಂತಿಲ್ಲವಾದ್ದರಿಂದ, ಹರಡಿಗೆ ಪಟ್ಟಿಯೋ ಆಸರೆಯ ಬೂಟೋ ಬೇಕಾದವರು ಅದರ ಮಸಲೆಯನ್ನು ಊರು ಬಿಡುವ ಮೊದಲೇ ಆಲಿಮರ ಬಳಿ ಕೇಳಿಕೊಳ್ಳಲಿ.